ಸರ್ವೀಸು ಎಷ್ಟು ವರ್ಷ ಅಂತ ಎಲೆ ಕೇಳಲ್ಲ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಟ್ಯಾರೋ ಕಾರ್ಡುಗಳನ್ನು ಗೇಲಿ ಮಾಡೋಕೆ ಬರೆದ ಲೇಖನ ಅಲ್ಲ. ನನ್ನ ಮೇಜಿನ ಡ್ರಾಯರಿನಲ್ಲಿ ಈಗಲೂ ಒಂದು ಕಟ್ಟು ಟ್ಯಾರೋ ಇದೆ. ಅದರ 78 ಎಲೆಗಳ ಅರ್ಥವನ್ನೂ ಪರೀಕ್ಷೆಗೆ ಓದಿದ ಹಾಗೆ ಬಾಯಿಪಾಠ ಮಾಡಿದವಳು ನಾನು. ಆಫೀಸಿನ ಊಟದ ಬಿಡುವಿನಲ್ಲಿ, ಪಿಜಿಯ ಟೆರೇಸಿನ ಮೇಲೆ, ರಾತ್ರಿ ರೈಲಿನ ಮೇಲಿನ ಬರ್ತಿನಲ್ಲಿ ಕೂತು ಕೂಡ ಗೆಳತಿಯರಿಗೆ ಎಲೆ ಹಾಕಿ ಹೇಳಿದ್ದೀನಿ. ಯಾರಿಂದಲೂ ಒಂದು ಪೈಸೆ ತಗೊಂಡಿಲ್ಲ. ಆದರೆ ಒಬ್ಬಳಿಗೆ ಒಂದು ಲಕ್ಷಕ್ಕೂ ಹೆಚ್ಚು ನಷ್ಟ ಮಾಡಿಸಿದ್ದೀನಿ. ಈ ಲೇಖನ ಆ ಲೆಕ್ಕದ ಬಗ್ಗೆ.

2019ರ ದಸರಾ ರಜೆ. ನಾನು ಹರಿಹರದವಳು, ಅವಳು ದಾವಣಗೆರೆಯವಳು. ಕಾಲೇಜಿನಲ್ಲಿ ಒಂದೇ ಬೆಂಚು, ಆಮೇಲೆ ಬೆಂಗಳೂರಿನಲ್ಲಿ ಬೇರೆ ಬೇರೆ ಕಂಪನಿ. ರಜೆಗೆ ಊರಿಗೆ ಬಂದಾಗ ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ-ಮಿರ್ಚಿ ಅನ್ನೋದು ನಮ್ಮಿಬ್ಬರ ನಿಯಮ. ಅವತ್ತು ಸಂಜೆ ಮಿರ್ಚಿ ಕಟ್ಟಿಸಿಕೊಂಡು ಅವಳ ಮನೆ ಟೆರೇಸಿಗೆ ಹೋದ್ವಿ. ಮ್ಯಾನೇಜರ್ ಕಾಟ, ರಾತ್ರಿ ಕಾಲ್‌ಗಳು, ಭಾನುವಾರವೂ ಬಿಡದ ಮೆಸೇಜುಗಳು ಎಲ್ಲ ಹೇಳಿಕೊಂಡು ಅವಳು ಕೇಳಿದಳು: "ಕೆಲಸ ಬಿಟ್ಟುಬಿಡ್ಲಾ? ಎಲೆ ಹಾಕಿ ಹೇಳೆ."

ಹಾಕಿದೆ. ಮೂರು ಎಲೆ. ಮೊದಲನೆಯದು ಪೆಂಟಕಲ್ಸ್‌ನ ನಾಲ್ಕು, ಎರಡನೆಯದು ಪೆಂಟಕಲ್ಸ್‌ನ ಎಂಟು, ಅದೂ ತಲೆಕೆಳಗು, ಮೂರನೆಯದು ಪೆಂಟಕಲ್ಸ್‌ನ ಎಕ್ಕ. ಮೂರೂ ನಾಣ್ಯದ ಪಂಗಡದ ಎಲೆಗಳೇ! ನನಗೆ ಮೈ ಜುಮ್ಮೆಂದಿತು. "ನೋಡು, ನೀನು ಸಂಬಳವನ್ನ ಹೀಗೆ ಅಪ್ಪಿಕೊಂಡು ಕೂತಿದ್ದೀಯ. ಕೆಲಸದಲ್ಲಿ ಜೀವ ಇಲ್ಲ, ಯಂತ್ರ ಆಗಿದ್ದೀಯ. ಕೈ ಬಿಟ್ಟರೆ ಹೊಸ ಬಾಗಿಲು ತೆಗೆಯುತ್ತೆ" ಅಂದೆ. ಅವಳ ಕಣ್ಣಲ್ಲಿ ನೀರು ಬಂತು. ಬೆಂಗಳೂರಿಗೆ ವಾಪಸ್ ಹೋದ ವಾರವೇ ರಾಜೀನಾಮೆ ಕೊಟ್ಟಳು. ನವೆಂಬರ್ ಮಧ್ಯಕ್ಕೆ ಕೆಲಸದಿಂದ ಹೊರಗೆ.

ಮೂರೂ ಒಂದೇ ಪಂಗಡದವು ಬಂದದ್ದು ದೈವದ ಸೂಚನೆ ಅಂತ ಆಗ ಅನ್ನಿಸಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. 78 ಎಲೆಗಳಲ್ಲಿ ನಾಣ್ಯದವು 14. ಮೂರು ಎಲೆ ತೆಗೆದರೆ ಮೂರೂ ನಾಣ್ಯವೇ ಆಗುವ ಸಂಭವ 209ಕ್ಕೆ ಒಂದು. ಅಷ್ಟರಲ್ಲಾಗಲೇ ನಾನು ಇನ್ನೂರಕ್ಕಿಂತ ಹೆಚ್ಚು ಸಲ ಎಲೆ ಹಾಕಿದ್ದೆ. ಯಾವತ್ತೋ ಒಂದು ದಿನ ಬರಬೇಕಿತ್ತು, ಅವತ್ತು ಬಂತು. ಅಷ್ಟೆ.

ಮುಂದಿನ ಫೆಬ್ರವರಿಯಲ್ಲಿ ಶಿವರಾತ್ರಿಗೆ ಹರಿಹರಕ್ಕೆ ಹೋಗಿದ್ದೆ. ನಮ್ಮಪ್ಪ ಟರ್ನರ್. ಲೇಥ್ ಮೆಷಿನ್ ಮುಂದೆ ನಿಂತು ಜೀವನ ಕಳೆದವರು. ಜೊತೆಗೆ ಕೆಲಸ ಮಾಡೋರ ಪಿಎಫ್ ಫಾರ್ಮು, ಗ್ರಾಚ್ಯುಟಿ ಅರ್ಜಿ ತುಂಬಿಕೊಡೋದು ಅವರಿಗೆ ಅಂಟಿಕೊಂಡ ಇನ್ನೊಂದು ಕೆಲಸ. ಗೆಳತಿಗೆ ಇನ್ನೂ ಹೊಸ ಕೆಲಸ ಸಿಕ್ಕಿಲ್ಲ ಅಂತ ಮಾತಿಗೆ ಹೇಳಿದೆ. ಅಪ್ಪ ಚಹಾದ ಲೋಟ ಕೆಳಗಿಟ್ಟರು.

"ಅಲ್ಲವ್ವಾ, ಆ ಹುಡುಗೀದು ಸರ್ವೀಸು ಎಷ್ಟು ವರ್ಷ ಆಗಿತ್ತು?"

"ನಾಲ್ಕೂವರೆ."

"ಐದಕ್ಕೆ ಆರು ತಿಂಗಳು ಕಮ್ಮಿ. ಬೇಸಿಕ್ ಎಷ್ಟು?"

"ನಲವತ್ತು ಸಾವಿರ ಇರಬಹುದು."

ಅಪ್ಪ ಕ್ಯಾಲೆಂಡರಿನ ಹಿಂದುಗಡೆ ಪೆನ್ಸಿಲಿನಲ್ಲಿ ಬರೆದರು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆ ಪ್ರಕಾರ ಐದು ವರ್ಷ ಸತತ ಸೇವೆ ಆಗಿರಬೇಕು. ಆದರೆ ವರ್ಷಕ್ಕೆ 15 ದಿನದ ಸಂಬಳ ಸಿಗುತ್ತೆ, ತಿಂಗಳಿಗೆ 26 ದಿನ ಅಂತ ಲೆಕ್ಕ. 40,000 ಗುಣಿಸು 15, ಭಾಗಿಸು 26, ಗುಣಿಸು 5. ಬಂದದ್ದು 1,15,384 ರೂಪಾಯಿ ಚಿಲ್ಲರೆ. "ಪಿಎಫ್ ತೆಗೆದಾಳಾ?" ಅಂದರು. ತೆಗೆದಿದ್ದಳು. ಐದು ವರ್ಷದೊಳಗೆ ತೆಗೆದರೆ ಅದಕ್ಕೂ ತೆರಿಗೆ. ಹಾಗೇ ಬಿಟ್ಟು, ಹೊಸ ಕಂಪನಿಗೆ ವರ್ಗಾಯಿಸಿದ್ದರೆ ಹಳೇ ಸೇವೆ ಕೂಡಿಕೊಳ್ಳುತ್ತಿತ್ತು. "ಆರು ತಿಂಗಳು ತಡಕೋ ಅಂತ ಒಬ್ಬರೂ ಹೇಳಲಿಲ್ಲೇನು ಆ ಹುಡುಗಿಗೆ? ತಡಕೊಳ್ಳಾಕ ಆಗದಿದ್ರೆ ಬಿಡ್ಲಿ. ಆದ್ರೆ ಗೊತ್ತಿದ್ದು ಬಿಡಬೇಕಲ್ಲ" ಅಂದರು.

ನಾನು ಸುಮ್ಮನೆ ಕೂತೆ. ಅವಳಿಗೆ ಹೇಳಿದವಳು ನಾನೇ ಅಂತ ಅಪ್ಪನಿಗೆ ಹೇಳೋಕೆ ಆಗಲಿಲ್ಲ. ತಿಂಗಳು ಕಳೆಯೋದ್ರೊಳಗೆ ಲಾಕ್‌ಡೌನ್ ಬಂತು. ಅವಳು ದಾವಣಗೆರೆಯ ಮನೆಯಲ್ಲೇ ಉಳಿದಳು. ಸಂದರ್ಶನಗಳೆಲ್ಲ ನಿಂತುಹೋದವು. ಮೇ ತಿಂಗಳಲ್ಲಿ, ಅವಳ ಐದು ವರ್ಷ ತುಂಬಬೇಕಿದ್ದ ತಿಂಗಳಲ್ಲಿ, ಫೋನ್ ಮಾಡಿ ಅಪ್ಪನ ಲೆಕ್ಕ ಹೇಳಿದೆ. ಬೈಯಲಿಲ್ಲ. "ಎಲೆ ಹಾಕೋ ಮುಂಚೆ ನೀನೇ ಕೇಳಬಹುದಿತ್ತಲ್ವಾ?" ಅಂದಳು.

ಹೌದು, ಕೇಳಬಹುದಿತ್ತು. ಲಾಕ್‌ಡೌನ್ ಬರುತ್ತೆ ಅಂತ ನನ್ನ ಎಲೆ ಹೇಳಲಿಲ್ಲ ಅನ್ನೋದು ನನ್ನ ದೂರಲ್ಲ, ಅದು ಯಾರಿಗೂ ಗೊತ್ತಿರಲಿಲ್ಲ. ಮುಂದೆ ಆಗೋದನ್ನು ಹೇಳಲಿಲ್ಲ ಅನ್ನೋದಕ್ಕಿಂತ, ಆಗಲೇ ಇದ್ದದ್ದನ್ನು ಕೇಳಲಿಲ್ಲ ಅನ್ನೋದೇ ತಪ್ಪು. ಆ ತಪ್ಪು ನನ್ನೊಬ್ಬಳದಲ್ಲ, ನಾವು ಈ ಪಂಗಡವನ್ನು ಓದುವ ರೀತಿಯಲ್ಲೇ ಇದೆ. ಹೇಗೆ ಅಂತ ಹೇಳ್ತೀನಿ.

ಟ್ಯಾರೋದಲ್ಲಿ ನಾಲ್ಕು ಪಂಗಡ: ಬಟ್ಟಲು, ಕತ್ತಿ, ಕೋಲು, ನಾಣ್ಯ. ಬಟ್ಟಲು ಭಾವನೆಗೆ, ಕತ್ತಿ ಬುದ್ಧಿಗೆ, ಕೋಲು ಉತ್ಸಾಹಕ್ಕೆ, ನಾಣ್ಯ ದುಡ್ಡು-ದುಡಿಮೆ-ಮನೆ-ಮೈಗೆ ಅಂತ ಕಲಿಸ್ತಾರೆ. ನಾಣ್ಯದ್ದನ್ನೇ ಪೆಂಟಕಲ್ಸ್ ಅನ್ನೋದು. ಎಕ್ಕದಿಂದ ಹತ್ತರವರೆಗೆ, ಆಮೇಲೆ ಪೇಜ್, ನೈಟ್, ರಾಣಿ, ರಾಜ. ಒಟ್ಟು ಹದಿನಾಲ್ಕು. ಸಾಮಾನ್ಯವಾಗಿ ಎಲ್ಲರ ಹತ್ತಿರ ಇರುವ ಕಟ್ಟಿನ ಚಿತ್ರಗಳನ್ನೇ ನೋಡಿ. ಎಕ್ಕದಲ್ಲಿ ಮೋಡದಿಂದ ಬಂದ ಕೈಯೊಂದು ತೋಟದ ಮೇಲೆ ನಾಣ್ಯ ಹಿಡಿದಿದೆ. ಎರಡರಲ್ಲಿ ಒಬ್ಬ ಎರಡು ನಾಣ್ಯಗಳನ್ನು ಕೈಯಲ್ಲಿ ಆಡಿಸುತ್ತಿದ್ದಾನೆ, ಹಿಂದೆ ಹಡಗುಗಳು ಅಲೆಯಲ್ಲಿ ಹೊಯ್ದಾಡುತ್ತಿವೆ. ತಿಂಗಳ ಕೊನೆಯಲ್ಲಿ ಬಾಡಿಗೆ ಮತ್ತು ಇಎಂಐ ಹೊಂದಿಸುವ ನಮ್ಮದೇ ಚಿತ್ರ. ನಾಲ್ಕರಲ್ಲಿ ಒಬ್ಬ ನಾಣ್ಯವನ್ನು ಎದೆಗವಚಿ ಕೂತಿದ್ದಾನೆ. ಏಳರಲ್ಲಿ ರೈತ ಗುದ್ದಲಿಗೆ ಒರಗಿ ಬೆಳೆ ನೋಡುತ್ತಿದ್ದಾನೆ. ಎಂಟರಲ್ಲಿ ಕೆಲಸಗಾರ ಬೆಂಚಿನ ಮೇಲೆ ಕೂತು ಒಂದಾದ ಮೇಲೊಂದು ನಾಣ್ಯ ಕೆತ್ತುತ್ತಿದ್ದಾನೆ. ಅದನ್ನು ನೋಡಿದಾಗೆಲ್ಲ ನನಗೆ ಲೇಥ್ ಮುಂದೆ ನಿಂತ ಅಪ್ಪನೇ ನೆನಪಾಗೋದು.

ಚಿತ್ರಗಳಲ್ಲಿ ಸುಳ್ಳಿಲ್ಲ. ಸುಳ್ಳಿರೋದು ನಾವು ಹೇಳುವ ಅರ್ಥದಲ್ಲಿ. ಆರನೇ ಎಲೆ ತಗೊಳ್ಳಿ. ಒಬ್ಬ ಶ್ರೀಮಂತ ವ್ಯಾಪಾರಿ, ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಿಂದ ಕಾಸು ಉದುರಿಸುತ್ತಿದ್ದಾನೆ. ಕೆಳಗೆ ಇಬ್ಬರು ಮಂಡಿಯೂರಿ ಕೂತಿದ್ದಾರೆ. ಎಲೆ ಓದುವವರು ಏನು ಕೇಳ್ತಾರೆ? "ಇದರಲ್ಲಿ ನೀವು ಕೊಡುವವರೋ, ತಗೊಳ್ಳುವವರೋ?" ತಕ್ಕಡಿಯಲ್ಲಿ ಏನಿದೆ, ತೂಕ ಸರಿ ಇದೆಯಾ, ಅದು ಯಾರ ಕೈಯಲ್ಲಿದೆ ಅಂತ ಯಾರೂ ಕೇಳಲ್ಲ. ಐದನೇ ಎಲೆಯಲ್ಲಿ ಹಿಮ ಸುರಿಯುತ್ತಿದೆ, ಇಬ್ಬರು ಬಡವರು, ಒಬ್ಬನಿಗೆ ಊರುಗೋಲು, ಬೆಳಕಿರುವ ಬಣ್ಣದ ಗಾಜಿನ ಕಿಟಕಿಯ ಕೆಳಗೆ ನಡೆದು ಹೋಗುತ್ತಿದ್ದಾರೆ. ಇದಕ್ಕೆ ಈಗಿನ ಜನಪ್ರಿಯ ಅರ್ಥ, "ಕೊರತೆ ಇರುವುದು ನಿಮ್ಮ ಮನಸ್ಥಿತಿಯಲ್ಲಿ, ತಲೆಯೆತ್ತಿ ಬೆಳಕು ನೋಡಿ" ಅಂತ. ಹಿಮದಲ್ಲಿ ಬರಿಗಾಲಲ್ಲಿ ನಡೆಯುತ್ತಿರುವ ಹೆಂಗಸಿಗೆ ಮನಸ್ಥಿತಿ ಸರಿ ಮಾಡಿಕೋ ಅನ್ನೋದು! ಒಳಗಿರುವವರು ಬಾಗಿಲು ಯಾಕೆ ತೆಗೆದಿಲ್ಲ ಅನ್ನುವ ಪ್ರಶ್ನೆ ಎಲ್ಲಿ ಹೋಯಿತು?

ಮೂರನೇ ಎಲೆಯಲ್ಲಿ ಒಬ್ಬ ಶಿಲ್ಪಿ ಚರ್ಚಿನ ಕಂಬದ ಮೇಲೆ ಕೆಲಸ ಮಾಡುತ್ತಿದ್ದಾನೆ, ಎದುರಿಗೆ ಸನ್ಯಾಸಿ, ಪಕ್ಕದಲ್ಲಿ ನಕ್ಷೆ ಹಿಡಿದವರು. "ತಂಡದ ಕೆಲಸ" ಅಂತ ಅರ್ಥ ಹೇಳಿ ಮುಗಿಸ್ತಾರೆ. ನಮ್ಮ ಹರಿಹರೇಶ್ವರ ದೇವಸ್ಥಾನದ ನುಣುಪಾದ ಕಂಬಗಳ ನಡುವೆ ನಿಂತಾಗೆಲ್ಲ ನನಗೆ ಈ ಎಲೆ ನೆನಪಾಗುತ್ತೆ. 1224ರಲ್ಲಿ, ಹೊಯ್ಸಳ ಎರಡನೇ ನರಸಿಂಹನ ಕಾಲದಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಕಟ್ಟಿಸಿದವನ ಹೆಸರು ಊರಿಗೇ ಗೊತ್ತು. ಆ ಕಂಬಗಳನ್ನು ತಿರುಗಿಸಿ ತಿರುಗಿಸಿ ಕಡೆದವರು ಯಾರು ಅಂತ ಕೇಳಿದರೆ ನಾನೂ ಸೇರಿ ಎಲ್ಲರೂ ತಲೆ ಕೆರೆದುಕೊಳ್ತೀವಿ. ಟರ್ನರ್ ಮಗಳಿಗೆ ಹೊಳೆಯಬೇಕಾದ ಪ್ರಶ್ನೆ ಅದು. ಎಲೆ ಓದುವವಳಿಗೆ ಹೊಳೆಯಲೇ ಇಲ್ಲ.

ಹತ್ತನೇ ಎಲೆ ಇನ್ನೊಂದು ತಮಾಷೆ. ಅಜ್ಜ, ಮಕ್ಕಳು, ನಾಯಿಗಳು, ದೊಡ್ಡ ಮನೆ. "ಪಿತ್ರಾರ್ಜಿತದ ಕೃಪೆ ನಿಮ್ಮ ಕಡೆ ಬರ್ತಾ ಇದೆ" ಅಂತ ನಾನೇ ಎಷ್ಟು ಹುಡುಗಿಯರಿಗೆ ಹೇಳಿಲ್ಲ! 2005ರ ತಿದ್ದುಪಡಿ ಆದಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅದು ಕೃಪೆ ಅಲ್ಲ, ಹಕ್ಕು. ಎಲೆ ಬಂದರೂ ಇದೆ, ಬರದಿದ್ದರೂ ಇದೆ.

ನಾಣ್ಯ ಅನ್ನೋದು ಒಬ್ಬರ ಮನಸ್ಸಿನೊಳಗೆ ಇರುವ ವಸ್ತು ಅಲ್ಲ. ಕೊಡುವವರೊಬ್ಬರು, ತಗೊಳ್ಳುವವರೊಬ್ಬರು ಇದ್ದರೇನೇ ಅದು ನಾಣ್ಯ. ಇಲ್ಲದಿದ್ದರೆ ಬರೀ ತಗಡು. ಟ್ಯಾರೋ ಮುಂದೆ ಕೂರೋದು ಒಬ್ಬರೇ. ಕಂಪನಿ ಅಲ್ಲಿ ಕೂರಲ್ಲ, ಬ್ಯಾಂಕು ಕೂರಲ್ಲ, ಮನೆ ಮಾಲೀಕ ಕೂರಲ್ಲ. ಹಾಗಾಗಿ ಇಬ್ಬರ ನಡುವಿನ ವ್ಯವಹಾರವೆಲ್ಲ ಒಬ್ಬರ ಸ್ವಭಾವದ ಕತೆ ಆಗಿಬಿಡುತ್ತೆ. ಸಂಬಳ ಏರಿಲ್ಲ ಅಂದರೆ ನೀವು ಹಿಂಜರಿಯುವವರು. ಕೆಲಸ ಹೋಯಿತು ಅಂದರೆ ನೀವು ಬದಲಾವಣೆಗೆ ಹೆದರುವವರು. ಆ ಕಡೆಯವರು ಮಾಡಿದ ಸಹಿ, ಹಾಕಿದ ಷರತ್ತು, ಉಳಿಸಿಕೊಂಡ ಬಾಕಿ, ಇವಕ್ಕೆ ಹದಿನಾಲ್ಕು ಎಲೆಗಳಲ್ಲಿ ಒಂದೂ ಇಲ್ಲ. ಯಾವ ಕಂಪನಿಗೆ ತಾನೇ ಇಷ್ಟವಾಗಲ್ಲ ಇಂಥ ಶಾಸ್ತ್ರ?

"ಸಾವಿರಾರು ವರ್ಷದ ಜ್ಞಾನ ಅದು, ಸುಮ್ಮನೆ ಮಾತಾಡಬೇಡ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಇಲ್ಲ ಸ್ವಾಮಿ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಬಟ್ಟಲು, ನಾಣ್ಯ, ಕತ್ತಿ, ಕೋಲು ಯುರೋಪಿಗೆ ಬಂದದ್ದು ಈಜಿಪ್ಟಿನ ಮಾಮ್ಲುಕರ ಆಟದೆಲೆಗಳ ಮೂಲಕ. ಅದರಲ್ಲಿ ಭವಿಷ್ಯ ಇದೆ, ಪುರಾತನ ಈಜಿಪ್ಟಿನ ಗುಪ್ತ ಜ್ಞಾನ ಇದೆ ಅಂತ ಬರೆದದ್ದು 1781ರಲ್ಲಿ, ಕೂರ್ ದ ಜೆಬೆಲಾಂ ಎಂಬ ಫ್ರಾನ್ಸಿನ ಪಂಡಿತ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋ ಬಿಡಿಸಿದ್ದು 1822ರಲ್ಲಿ. ಅಂದರೆ ಆ ಭಾಷೆಯ ಒಂದಕ್ಷರ ಓದಲು ಯಾರಿಗೂ ಬರದಿದ್ದ ಕಾಲದಲ್ಲಿ ಅದರ ಗುಟ್ಟು ಗೊತ್ತು ಅಂತ ಹೇಳಿದ್ದು.

ನಮ್ಮಲ್ಲೂ ನಾಣ್ಯದ ಎಲೆಗಳಿದ್ದವು. ಗಂಜೀಫಾ ಗೊತ್ತಲ್ಲ, ಮೈಸೂರಿನ ದುಂಡನೆಯ ಚಿತ್ರದೆಲೆಗಳು? ಮೊಗಲರ ಗಂಜೀಫಾದಲ್ಲಿ ಎಂಟು ಪಂಗಡ, 96 ಎಲೆ. ಅದರಲ್ಲಿ ಚಿನ್ನದ ನಾಣ್ಯಕ್ಕೊಂದು, ಬೆಳ್ಳಿ ನಾಣ್ಯಕ್ಕೊಂದು ಪಂಗಡ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಗಂಜೀಫಾ ಆಟಗಳನ್ನೇ ರೂಪಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದರು. ಅರಮನೆಯವರು ಎಲೆಯನ್ನು ಎಲೆಯಾಗಿ ನೋಡಿದರು: ಆಟ, ಚಿತ್ರ, ಕೌತುಕ. ಆಟದ ನಾಣ್ಯದಿಂದ ಆಟ ಗೆದ್ದರೆ ಸಾಕಿತ್ತು.

ಇನ್ನು ಎಲೆಗೆ ಭವಿಷ್ಯ ಕೇಳುವುದೇ ಆದರೆ, ದುಗ್ಗಮ್ಮನ ಜಾತ್ರೆಯಲ್ಲಿ ಗಿಳಿಶಾಸ್ತ್ರದವನು ಇದ್ದನಲ್ಲ! ಗಿಳಿ ಬಂದು ಒಂದು ಎಲೆ ಎಳೀತಿತ್ತು, ಅವನು ಓದುತ್ತಿದ್ದ. ಅವನನ್ನು ಕಂಡು ಮೂಢನಂಬಿಕೆ ಅಂತ ನಕ್ಕವರು ನಾವು. ಅದೇ ಎಲೆಯನ್ನು ಇಂಗ್ಲಿಷಿನಲ್ಲಿ, ಮೇಣದ ಬತ್ತಿ ಹಚ್ಚಿ, ವಿಡಿಯೋ ಕಾಲ್‌ನಲ್ಲಿ ಎಳೆದರೆ ಅದು "ಆತ್ಮಾವಲೋಕನ". ಗಿಳಿ ಒಂದೇ ಕಮ್ಮಿ.

ಈ ಪಂಗಡದ ನಿಜವಾದ ಪಾಠ ಎಲೆಯ ಮೂಲೆಯಲ್ಲೇ ಇದೆ. ನಾವೆಲ್ಲ ಬಳಸುವ ಆ ಚಿತ್ರಗಳನ್ನು 1909ರಲ್ಲಿ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಬರೆಸಿದವನು ಎ.ಇ. ವೇಟ್, ಪ್ರಕಟಿಸಿದ್ದು ಲಂಡನ್ನಿನ ರೈಡರ್ ಕಂಪನಿ. ಕೆಲವೇ ತಿಂಗಳಲ್ಲಿ ಇಡೀ ಕಟ್ಟಿನ ಚಿತ್ರ ಮುಗಿಸಿ, ಕೆಲಸ ಬಹಳ, ದುಡ್ಡು ತೀರಾ ಕಮ್ಮಿ ಅನ್ನುವ ಅರ್ಥದಲ್ಲಿ ಛಾಯಾಗ್ರಾಹಕ ಸ್ಟೀಗ್ಲಿಟ್ಸ್‌ಗೆ ಪತ್ರ ಬರೆದಳು. ರಾಯಧನ ಸಿಗಲಿಲ್ಲ. 1951ರಲ್ಲಿ ಸಾಲದಲ್ಲೇ ತೀರಿಕೊಂಡಳು. ಬಹುಕಾಲ ಆ ಕಟ್ಟಿಗೆ "ರೈಡರ್-ವೇಟ್" ಅಂತಲೇ ಹೆಸರು: ಪ್ರಕಾಶಕನದ್ದು ಒಂದು, ಬರೆಸಿದವನದ್ದು ಒಂದು. ಅವಳದ್ದು ಎಲೆಯ ಮೂಲೆಯಲ್ಲಿ ಬಳ್ಳಿಯ ಹಾಗೆ ಸುತ್ತಿಕೊಂಡ ಸಣ್ಣ ಸಹಿ ಮಾತ್ರ. ಜಗತ್ತಿಗೆಲ್ಲ ನಾಣ್ಯದ ಎಲೆ ಬರೆದುಕೊಟ್ಟವಳಿಗೆ ನಾಣ್ಯ ಸಿಗಲಿಲ್ಲ. ಅವಳಿಗೆ ಬೇಕಿದ್ದದ್ದು ಎಂಟನೇ ಎಲೆಯ ಅರ್ಥವಲ್ಲ, ಒಂದು ಒಳ್ಳೆಯ ಕರಾರು ಪತ್ರ.

"ನಾವು ಭವಿಷ್ಯ ಹೇಳಲ್ಲ, ಟ್ಯಾರೋ ಬರೀ ಕನ್ನಡಿ" ಅನ್ನುವವರು ನನ್ನ ಗೆಳೆಯರಲ್ಲೇ ಇದ್ದಾರೆ. ಒಪ್ತೀನಿ. ಬಟ್ಟಲಿನ ಪಂಗಡಕ್ಕೆ ಅದು ನಡೆಯಬಹುದು. ಮುರಿದ ಪ್ರೀತಿ, ಅಮ್ಮನ ಜೊತೆ ಜಗಳ, ಯಾರಿಗೂ ಹೇಳಲಾಗದ ಬೇಸರ, ಇವನ್ನು ಮಾತಿಗೆ ತರಲು ಒಂದು ಚಿತ್ರ ಮುಂದಿಟ್ಟರೆ ಅನುಕೂಲವೇ. ಅವತ್ತು ಟೆರೇಸಿನ ಮೇಲೆ ಗೆಳತಿ ಅತ್ತದ್ದೂ ಸುಳ್ಳಲ್ಲ, ಅವಳಿಗೆ ಅಳಬೇಕಿತ್ತು. ಆದರೆ ಕನ್ನಡಿಯಲ್ಲಿ ಮುಖ ಕಾಣುತ್ತೆ, ಪಾಸ್‌ಬುಕ್ ಕಾಣಲ್ಲ. ನನಗೆ ಗೊತ್ತಿಲ್ಲದ ವಿಷಯ ನನ್ನ ಮನಸ್ಸಿನ ಆಳದಲ್ಲೂ ಇರಲ್ಲ. ಐದು ವರ್ಷದ ನಿಯಮ ಅವಳ ಸುಪ್ತಪ್ರಜ್ಞೆಯಲ್ಲಿ ಅಡಗಿ ಕೂತಿರಲಿಲ್ಲ, ಅಪ್ಪನ ಪೆನ್ಸಿಲಿನ ತುದಿಯಲ್ಲಿತ್ತು.

ಟ್ಯಾರೋ ನಿಷೇಧ ಮಾಡಿ ಅಂತ ನಾನು ಕೇಳ್ತಿಲ್ಲ. ವಾಮಾಚಾರ ತಡೆಗೆ ಅಂತ 2017ರಲ್ಲಿ ನಮ್ಮ ರಾಜ್ಯ ತಂದ ಕಾಯ್ದೆಯೇ ಜ್ಯೋತಿಷ್ಯ, ವಾಸ್ತುಗಳ ತಂಟೆಗೆ ಹೋಗಿಲ್ಲ. ನಾನು ಕೇಳೋದು ಇಷ್ಟೇ: ಎಲೆ ಹಾಕುವವರೇ, ದುಡ್ಡಿನ ಪ್ರಶ್ನೆಗೆ ದುಡ್ಡಿನ ಎಲೆ ಹಾಕಬೇಡಿ. ಕಲಿಯಿರಿ, ಚಿತ್ರ ನೋಡಿ, ಖುಷಿಪಡಿ. ಆದರೆ ಯಾರಾದರೂ "ಕೆಲಸ ಬಿಡ್ಲಾ, ಸಾಲ ತಗೊಳ್ಲಾ, ಸೈಟು ಕೊಳ್ಲಾ" ಅಂತ ಬಂದು ಕೂತರೆ ಕಟ್ಟು ಬಿಚ್ಚೋ ಮುಂಚೆ ನಾಲ್ಕು ಮಾತು ಕೇಳಿ. ಕೇಳೋಕೆ ಬರದಿದ್ದರೆ, ಬರುವವರ ಹತ್ತಿರ ಕಳಿಸಿ. ಎಲ್ಲರ ಮನೆಯಲ್ಲೂ, ಇಲ್ಲಾ ಪಕ್ಕದ ಮನೆಯಲ್ಲಿ, ನಮ್ಮಪ್ಪನಂಥವರು ಒಬ್ಬರು ಇದ್ದೇ ಇರ್ತಾರೆ.

ನಾನು ಈಗ ಹಾಗೇ ಮಾಡ್ತೀನಿ. ಸರ್ವೀಸು ಎಷ್ಟು ವರ್ಷ, ಎಷ್ಟು ತಿಂಗಳು? ನೋಟಿಸ್ ಎಷ್ಟು ದಿನ? ಆಫರ್ ಲೆಟರಿನಲ್ಲಿ ಬಾಂಡ್ ಇದೆಯಾ? ಪಿಎಫ್ ಯಾವ ಖಾತೆಯಲ್ಲಿದೆ? ಸಂಬಳ ನಿಂತರೆ ಎಷ್ಟು ತಿಂಗಳು ತಡಕೊಳ್ಳಬಹುದು? ಊರಿನ ಮನೆಗೆ ನಿಮ್ಮ ದುಡ್ಡು ಎಷ್ಟು ಹೋಗುತ್ತೆ? ಉತ್ತರ ಗೊತ್ತಿಲ್ಲದವರಿಗೆ ಕಾಗದಪತ್ರ ನೋಡಿಕೊಂಡು ಬರೋಕೆ ಹೇಳ್ತೀನಿ. ಬಹಳ ಜನ ಬೇಜಾರು ಮಾಡಿಕೊಳ್ತಾರೆ, ಬ್ಯಾಂಕಿನವಳ ಥರ ಮಾತಾಡ್ತೀಯ ಅಂತಾರೆ. ಎಲ್ಲಕ್ಕೂ ಉತ್ತರ ತಂದಮೇಲೂ "ಒಂದು ಎಲೆ ಹಾಕೇ" ಅಂದರೆ ಹಾಕ್ತೀನಿ.

ಹೋದ ತಿಂಗಳು ಗೆಳತಿ ಫೋನ್ ಮಾಡಿದ್ದಳು. ಹೊಸ ಕೆಲಸದಲ್ಲೂ ಮ್ಯಾನೇಜರ್ ಕಾಟವಂತೆ, ಬಿಡಬೇಕು ಅನ್ನಿಸುತ್ತಿದೆಯಂತೆ. ನಾನು ಬಾಯಿ ತೆಗೆಯೋ ಮುಂಚೆ ಅವಳೇ ಹೇಳಿದಳು: "ನಿನಗಲ್ಲ ಮಾಡಿದ್ದು. ಅಪ್ಪಾಜಿ ಇದ್ದಾರಾ? ಅವರಿಗೆ ಕೊಡು."